ಕೈ ಕೊಟ್ಟವರು

"ಥೂ ಮೋಟುಗೈ ಮುಂಡೆ, ಎಷ್ಟು ಸಲ ಬಡ್ಕೊಳ್ಲಿ ನಿಂಗೆ? 'ಧಣಿ ನಂಗೆ ಕೈ ಕೊಟ್ರು' ಅನ್ಬೇಡ್ವೇ! ಕೇಳಿದೋರು ಮೋಸ ಮಾಡಿದ್ರು ಅಂದ್ಕೊಳಲ್ವಾ? 'ಕೃತಕ ಹಸ್ತ ದಯಪಾಲಿಸಿದರು' ಅನ್ನು."

"ಅದು ನನ್ನ ಬಾಯಲ್ಲಿ ಹೊರಳಲ್ಲ ಮೇಸ್ತ್ರಿ."

"ತಿನ್ನೋವಾಗ ಚೆನ್ನಾಗೇ ಹೊರಳುತ್ತಲ್ಲ. ಹೊರಳಿಸು."

ಡಬ್ಬದ ಕಾರ್ಖಾನೆಯ ಗೋದಾಮಿನಲ್ಲಿ ತಾಲೀಮು ನಡೆದಿತ್ತು. ಧಣಿಯ ಪಾತ್ರಕ್ಕೆ ಮೇಸ್ತ್ರಿಯೇ ನಿಂತಿದ್ದ, ಹೊಟ್ಟೆ ಮುಂದೆ ಮಾಡಿಕೊಂಡು. ನಾಳೆ ಕಾರ್ಖಾನೆಗೆ ಇಪ್ಪತ್ತೈದು ವರ್ಷ. ಕೈಕಾಲಿಲ್ಲದ ನಲವತ್ತು ಜನರಿಗೆ ಧಣಿ ರಬ್ಬರಿನ ಕೈಕಾಲು ಹಂಚುತ್ತಾರೆ. ಮೊದಲ ಕೈ ನನಗೆ, ಏಕೆಂದರೆ ನಾನು ಮನೆಯವಳಂತೆ. ನನ್ನ ಅಜಾಗರೂಕತೆಯಿಂದಲೇ ಕೈ ಹೋಯಿತು ಎಂದು ಮೈಕಿನಲ್ಲಿ ಹೇಳಬೇಕು. ಆಮೇಲೆ ಧಣಿ ನನ್ನ ಹೊಸ ಕೈ ಕುಲುಕುತ್ತಾರೆ. ಫೋಟೊ.

ಈ ಧಣಿ ಧಣಿಯಾಗುವ ಮೊದಲಿನಿಂದ ನನಗೆ ಗೊತ್ತು. ಆಗ ಒಂದು ತಗಡಿನ ಶೆಡ್ಡು, ಒಂದು ಪ್ರೆಸ್ಸು, ನಾವಿಬ್ಬರು. ಅವರು ತಗಡು ಕತ್ತರಿಸಿ ಕೊಡುತ್ತಿದ್ದರು, ನಾನು ಪೆಡಲು ತುಳಿದು ಮುಚ್ಚಳ ಒತ್ತುತ್ತಿದ್ದೆ. ಮಧ್ಯಾಹ್ನ ನನ್ನ ಊಟದ ಡಬ್ಬಿಯಲ್ಲೇ ಅವರಿಗೂ ಪಾಲು. ಒಳ್ಳೆಯವರಾಗಿದ್ದರು ಎನ್ನಲು ನನಗೇನೂ ನಾಚಿಕೆಯಿಲ್ಲ. ಮೊದಲ ದೊಡ್ಡ ಆರ್ಡರು ಬಂದ ದಿನ ಸ್ಪ್ಯಾನರು ಹಿಡಿದು ಬಂದರು. ಬೆರಳು ಒಳಗೆ ಹೋಗದಂತೆ ಪ್ರೆಸ್ಸಿನ ಬಾಯಿಗೆ ಅಡ್ಡವಾಗಿ ಕಬ್ಬಿಣದ ಜಾಲರಿ ಇತ್ತು. ಅದನ್ನು ತಾವೇ ಬಿಚ್ಚಿದರು. "ಎರಡೇ ದಿನ ಕಣಮ್ಮ, ಬೇಗ ಬೇಗ ಆಗ್ಲಿ ಅಂತ."

ಮೂರನೆಯ ದಿನ ನನ್ನ ಬಲಗೈ ಹೋಯಿತು. ಅಪಘಾತದ ಪುಸ್ತಕದಲ್ಲಿ 'ಸ್ವಂತ ಅಜಾಗರೂಕತೆ' ಎಂದು ಬರೆದು ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದೇ ಕೈಗೆ ಪೊರಕೆ ಕೊಟ್ಟರು. ಅಂದಿನಿಂದ ಗುಡಿಸುತ್ತಿದ್ದೇನೆ.

ಈಗ ಎಂಬತ್ತು ಪ್ರೆಸ್ಸುಗಳಿವೆ, ಒಂದಕ್ಕೂ ಜಾಲರಿಯಿಲ್ಲ. ನಾನು ಕೂರುತ್ತಿದ್ದ ಒಂದನೇ ನಂಬರಿನಲ್ಲಿ ನಾನೇ ಎತ್ತಿ ಆಡಿಸಿದ ತಂಗಿ ಕೂರುತ್ತಾಳೆ. ಜಾಲರಿ ಕೇಳೇ ಎಂದೆ. "ನಿನ್ನ ಬಾಯಿಂದ ನನ್ನ ಸೀಟೂ ಹೋಗುತ್ತೆ" ಎಂದವಳು ಮಾತು ಬಿಟ್ಟಳು. ಬೇರೆ ಮನೆ ಮಾಡಿದಳು. ನನ್ನ ಜಡೆ ಹೆಣೆಯುತ್ತಿದ್ದವಳು ಅವಳೇ; ಒಂದು ಕೈಯಲ್ಲಿ ಜಡೆ ಬರುವುದಿಲ್ಲ. ಮುಚ್ಚಳದ ಕಟ್ಟಿನ ರಬ್ಬರ್ ಬ್ಯಾಂಡಿಗೆ ಕೂದಲು ಸಿಕ್ಕಿಸಿಕೊಂಡು ಬರುತ್ತೇನೆ. ಬಟ್ಟೆಯ ತುದಿಯನ್ನು ನಲ್ಲಿಗೆ ಸುತ್ತಿ ಹಿಂಡುತ್ತೇನೆ. ಊಟದ ಬೆಂಚಿನಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ, ಮೇಸ್ತ್ರಿಯ ಕಣ್ಣಿಗೆ ಬಿದ್ದಾರು ಎಂಬ ಭಯ. ಎಂಟು ತಿಂಗಳಿಂದ ನನ್ನನ್ನು ಅಕ್ಕಾ ಎಂದು ಕರೆದವರಿಲ್ಲ. ಒಮ್ಮೊಮ್ಮೆ ಅಳು ಬಂದುಬಿಡುತ್ತದೆ, ಗುಡಿಸುತ್ತಲೇ ಅಳುತ್ತೇನೆ.

ಮಾರನೆಯ ಬೆಳಿಗ್ಗೆ ನನ್ನ ಮೋಟಿಗೆ ರಬ್ಬರ್ ಕೈ ತೊಡಿಸಿ ಪಟ್ಟಿ ಬಿಗಿದರು. ಆಗ ಧಣಿಯೇ ಗೋದಾಮಿಗೆ ಬಂದರು. "ಹೇಗಿದೆಯಮ್ಮ ಕೈ? ಒತ್ತುತ್ತಾ?"

"ಕೈ ಬೇಡ ಧಣಿ. ಪ್ರೆಸ್ಸಿಗೆ ಜಾಲರಿ ಹಾಕ್ಸಿ. ಅಲ್ಲಿ ನನ್ನ ತಂಗಿ ಕೂರ್ತಾಳೆ."

ಅವರು ರೇಗಲಿಲ್ಲ. ಮೊದಲಿನ ಹಾಗೆ ಎದುರಿಗೇ ಕೂತರು. "ಜಾಲರಿ ಇದ್ರೆ ಗಂಟೆಗೆ ನೂರು ಮುಚ್ಚಳ ಕಮ್ಮಿ ಆಗುತ್ತೆ ಕಣಮ್ಮ. ಆ ನೂರು ಮುಚ್ಚಳದಲ್ಲೇ ನಾನು ಆಸ್ಪತ್ರೆ ಕಟ್ಟಿದ್ದು, ಶಾಲೆ ಕಟ್ಟಿದ್ದು. ನಿನ್ನ ಈ ಕೈ ಬಂದಿದ್ದೂ ಅದ್ರಲ್ಲೇ."

ಅವರು ಸುಳ್ಳು ಹೇಳಲಿಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಅಂಗಳದ ವೇದಿಕೆಯಲ್ಲಿ ಭಾಷಣದವನು "ಒಬ್ಬಂಟಿಯಾಗಿ ಈ ಸಂಸ್ಥೆ ಕಟ್ಟಿದ ಮಹಾನುಭಾವರು" ಎಂದ. ಹಾಗಾದರೆ ಪೆಡಲು ತುಳಿಯುತ್ತಿದ್ದುದು ದೆವ್ವವೇ? ಚಪ್ಪಾಳೆಯಾಯಿತು. ಮೇಸ್ತ್ರಿ ನನ್ನನ್ನು ಮೈಕಿನತ್ತ ತಳ್ಳಿದ.

"ಧಣಿ ನಂಗೆ ಕೈ ಕೊಟ್ರು" ಎಂದೆ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಇವತ್ತಲ್ಲ. ಜಾಲರಿ ಬಿಚ್ಚಿದ ದಿನಾನೇ ಕೊಟ್ರು. ಇವರೇ ಬಿಚ್ಚಿದ್ದು. ಒಂದನೇ ನಂಬರಿಗೆ ಇವತ್ತೂ..."

ಮೈಕು ಸತ್ತಿತು. ಫೋಟೊದವನು ಕಾಯುತ್ತಿದ್ದ. ಧಣಿ ನಗುವನ್ನು ಹಾಗೇ ಇಟ್ಟುಕೊಂಡು ಕೈ ಚಾಚಿದರು. ನಾನೂ ಚಾಚಿದೆ. ಅವರು ರಬ್ಬರ್ ಕೈ ಹಿಡಿದು ಕುಲುಕುತ್ತಿದ್ದಾಗ ಎಡಗೈಯಿಂದ ಪಟ್ಟಿ ಬಿಚ್ಚಿ ನಡೆದುಬಿಟ್ಟೆ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ಹಿಡಿದುಕೊಂಡೇ ನಿಂತಿದ್ದರು.

ನನ್ನ ಹಿಂದೆ ಯಾರೂ ಬರಲಿಲ್ಲ. ಪ್ರೆಸ್ಸುಗಳ ಖಾಲಿ ಶೆಡ್ಡಿನಲ್ಲಿ ಒಂದನೇ ನಂಬರಿನ ಸ್ಟೂಲಿನ ಮೇಲೆ ಕೂತೆ. ಮಧ್ಯಾಹ್ನದ ಪಾಳಿಯ ಸೈರನ್ ಕೂಗಿತು. ಹೆಂಗಸರು ಬಂದರು, ನನ್ನನ್ನು ಕಂಡು ಕಣ್ಣು ತಪ್ಪಿಸಿದರು. ತಂಗಿ ಎದುರಿಗೆ ಬಂದು ನಿಂತಳು.

"ಏಳು."

"ಏಳಲ್ಲ. ಜಾಲರಿ ಬರೋವರೆಗೂ ಇಲ್ಲಿ ಯಾರೂ ಕೂರಲ್ಲ."

"ನನ್ನ ಹೊಟ್ಟೆ ಮೇಲೆ ಹೊಡೀಬೇಡ್ವೇ ಅಕ್ಕಾ."

"ಯಾವ ಕೈಲಿ ತಿಂತೀಯೇ ಆಮೇಲೆ?"

ಅವಳು ಎದುರಿನಿಂದ ಸರಿದಳು. ಹೊರಗೆ ಮೇಸ್ತ್ರಿಯ ಅರಚಾಟ ಹತ್ತಿರವಾಗುತ್ತಿತ್ತು: "ಎಲ್ಲಿ ಸತ್ಲು ಆ ಮೋಟುಗೈ ಮುಂಡೆ?" ನಾನು ಪ್ರೆಸ್ಸಿನ ಬಾಯಿಯನ್ನೇ ನೋಡುತ್ತ ಕೂತೆ. ಹಿಂದಿನಿಂದ ಯಾರೋ ರಬ್ಬರ್ ಬ್ಯಾಂಡು ಎಳೆದರು. ನಾಲ್ಕು ಕೂದಲು ಕಿತ್ತು ಬಂದವು. ತಂಗಿಯ ಬೆರಳುಗಳು ನನ್ನ ಕೂದಲನ್ನು ಮೂರು ಪಾಲು ಮಾಡುತ್ತಿದ್ದವು. ಹತ್ತೂ ಬೆರಳು ಇದ್ದವು.

"ಅಲುಗಾಡ್ಬೇಡ" ಎಂದಳು.

ಬಾಗಿಲಲ್ಲಿ ಬೂಟಿನ ಸದ್ದಾಯಿತು. ನಾನು ಅಲುಗಾಡಲಿಲ್ಲ.