ಗಡಿ ದಾಟುತ್ತಿದ್ದ ದರ

ಸಂಜೆಯ ವಾರ್ತೆ ಮುಗಿದ ಮೇಲೆ ರೇಡಿಯೊದಲ್ಲಿ ವಿನಿಮಯ ದರ ಓದುವುದು ಅವಳ ಕೆಲಸ. ಹೊಳೆಯಾಚೆಯ ದೇಶದ ಒಂದು ನೋಟಿಗೆ ಈಚೆಯ ದೇಶದ ನೋಟು ಎಷ್ಟು, ಇಷ್ಟೇ. ಎರಡೂ ಅಂಗೈಯಗಲದ ದೇಶಗಳು. ದೊಡ್ಡ ದೇಶಗಳ ಬ್ಯಾಂಕಿನವರಿಗೆ ಇವುಗಳ ಹಣ ಯಾವ ಬಣ್ಣದ್ದು ಅನ್ನುವುದೂ ಗೊತ್ತಿರಲಿಲ್ಲ. ಆದರೆ ವ್ಯಾಪಾರಕ್ಕೆ ಸೇತುವೆ ದಾಟುವವರಿಗೆ ಅವಳು ಓದಿದ್ದೇ ಕೊನೆಯ ಮಾತು. ಪೇಟೆಯಲ್ಲಿ ಎಲ್ಲರಿಗೂ ಅವಳು ದರದಕ್ಕ.

ದರದಕ್ಕನ ತವರು ಹೊಳೆಯಾಚೆ. ಮದುವೆಯಾಗಿ ಈಚೆಗೆ ಬಂದವಳು, ಮನಸ್ಸಾದಾಗಲೆಲ್ಲ ಸೇತುವೆ ದಾಟಿ ಅಮ್ಮನನ್ನು ನೋಡಿ ಬರುತ್ತಿದ್ದಳು. ಎರಡು ಸರ್ಕಾರಗಳಿಗೂ ಅದೇನು ದೊಡ್ಡರೋಗ ಬಂತೋ, ಹೊಳೆನೀರಿನ ಪಾಲಿಗೆ ಕಿತ್ತಾಡಿ ಸೇತುವೆ ಮುಚ್ಚಿದವು. ಅಂಚೆ ನಿಂತಿತು. ಫೋನೂ ನಿಲ್ಲುತ್ತದೆ ಅನ್ನುವ ಹಿಂದಿನ ದಿನ ಅಮ್ಮ, "ಅಳಬೇಡ ಕಣೇ. ಸಂಜೆ ರೇಡಿಯೊದಲ್ಲಿ ನಿನ್ನ ದನಿ ಬರುತ್ತಲ್ಲ, ಅಷ್ಟು ಸಾಕು ನಂಗೆ," ಅಂದಳು. ಗಾಳಿಯಲ್ಲಿ ಹೋಗುವ ದನಿಗೆ ಯಾವ ಶೂರನೂ ಬೀಗ ಹಾಕಲಾರ, ಪುಣ್ಯ!

ಪುಣ್ಯ ಎಂದದ್ದೇ ತಡ, ಮೇಲಿನಿಂದ ಆದೇಶ ಬಂತು. ಸೇತುವೆಯೇ ಮುಚ್ಚಿದ ಮೇಲೆ ದರ ಯಾರಿಗೆ ಬೇಕು? ಆ ಎರಡು ನಿಮಿಷಕ್ಕೆ ಸೋಪಿನ ಜಾಹೀರಾತು ಹಾಕಿ.

ದರದಕ್ಕ ವಾರ್ತಾ ವಿಭಾಗದ ಸಾಹೇಬರ ಮುಂದೆ ಹೋಗಿ ನಿಂತಳು. ಅವರದು ತಗಡು ಬಡಿದಂಥ ದನಿ, ಮಾತು ಕಮ್ಮಿ.

"ಸರ್, ಇದು ನಿಂತುಹೋದ್ರೆ ನಾನು ಸತ್ತೆ ಅಂದ್ಕೋತಾಳೆ ನಮ್ಮಮ್ಮ."

"ಅವರು ಕೇಳ್ತಿದ್ದಾರೆ ಅಂತ ಏನು ಗ್ಯಾರಂಟಿ?"

"ಕೇಳ್ತಾಳೆ ಅನ್ನೋ ನಂಬಿಕೆ ಮೇಲೇ ನಾನು ಬದುಕಿರೋದು ಸರ್."

ಸಾಹೇಬರು ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ನೋಡಮ್ಮ, ಬ್ಯಾಂಕು ದರ ನಿಗದಿ ಮಾಡೋದನ್ನ ನಿಲ್ಲಿಸಿಲ್ಲ. ಅಲ್ಲೀವರೆಗೂ ಓದೋದು ನಮ್ಮ ಕರ್ತವ್ಯ ಅಂತ ಮೇಲಕ್ಕೆ ಬರೀತೀನಿ. ಆದ್ರೆ ದರ ಬಿಟ್ಟು ಒಂದಕ್ಷರ ಆಚೀಚೆ ಆಡಿದ್ರೆ ನಿನ್ನ ಕೆಲಸಾನೂ ಹೋಗತ್ತೆ, ನಂದೂ ಹೋಗತ್ತೆ. ಕೆಮ್ಮಿದ್ರೂ ಅದು ಸರ್ಕಾರಿ ಕೆಮ್ಮೇ ಆಗಿರ್ಬೇಕು."

ಮೇಲಿನವರು ಹೂಂ ಅಂದರು. ಆದರೆ ಕೇಳುವವರಿಲ್ಲದ ಸರಕು ನೋಡಿ, ಬ್ಯಾಂಕಿನವರು ದರ ಕಳಿಸುವುದನ್ನೇ ಮರೆತುಬಿಟ್ಟರು. ಸಾಹೇಬರೇ ಮಧ್ಯಾಹ್ನ ಬ್ಯಾಂಕಿಗೆ ನಡೆದುಹೋಗಿ, ಗುಮಾಸ್ತರ ತಲೆ ತಿಂದು, ದರ ಕೇಳಿಕೊಂಡು ಬರತೊಡಗಿದರು. ಈ ಬಿಸಿಲಲ್ಲಿ ಯಾಕೆ ಸರ್ ಎಂದರೆ, "ಊಟ ಆದ್ಮೇಲೆ ನಡೆದ್ರೆ ಒಳ್ಳೇದಂತೆ," ಅನ್ನುವರು. ಊಟದ ಡಬ್ಬಿ ಮೇಜಿನ ಮೇಲೆ ಮುಚ್ಚಿದ ಹಾಗೇ ಇರುತ್ತಿತ್ತು. ಅದನ್ನು ಕಂಡಾಗಲೆಲ್ಲ ದರದಕ್ಕ, ಈ ಋಣ ಯಾವ ಜನ್ಮಕ್ಕೆ ತೀರಿಸಲಿ ಅಂದುಕೊಳ್ಳುತ್ತಿದ್ದಳು.

ವರ್ಷಗಳು ಉರುಳಿದವು. ಈಚೆಯ ಹಣ ಒಮ್ಮೆ ಎದ್ದಿತು, ಆಮೇಲೆ ಮಕಾಡೆ ಮಲಗಿತು. ಆಚೆಯ ಒಂದಕ್ಕೆ ಈಚೆಯ ಮೂರು ಇದ್ದದ್ದು ನಾಲ್ಕಾಯಿತು, ಐದಾಯಿತು. ನೆಗಡಿ ಬರಲಿ ಜ್ವರ ಬರಲಿ, ಅವಳು ಓದುವುದನ್ನು ತಪ್ಪಿಸಲಿಲ್ಲ. ಅಂಕಿ ಓದುವಾಗೆಲ್ಲ ಎದೆಯಲ್ಲಿ ಒಂದೇ ಪ್ರಶ್ನೆ: ಅಮ್ಮ ಇದ್ದಾಳಾ, ಇಲ್ಲವಾ? ಉತ್ತರ ಬರಲು ದಾರಿಯೇ ಇರಲಿಲ್ಲ. ಹೆರಿಗೆಗೆ ರಜೆ ಹಾಕಿದಾಗ ಮಾತ್ರ ಅವಳ ಜಾಗದಲ್ಲಿ ಸಾಹೇಬರು ಕೂತು ಓದಿದರು. ಮೈಕೇ ಬೆಚ್ಚಿಬಿದ್ದಿತು ಎಂದು ಕಚೇರಿಯವರು ಆಡಿಕೊಂಡರು.

ಅಂತೂ ಸರ್ಕಾರಗಳಿಗೆ ಬುದ್ಧಿ ಬಂತು. ಸೇತುವೆ ತೆರೆದ ಬೆಳಗ್ಗೆ ದರದಕ್ಕ ಮಗಳ ಕೈ ಹಿಡಿದು ಗೇಟಿನ ಬಳಿ ನಿಂತಳು. ಬರುವವರು ಬಂದರು, ತಬ್ಬಿಕೊಂಡರು, ಹೋದರು. ಜನ ಕರಗುತ್ತ ಬಂದ ಹಾಗೆ ಅವಳ ಜೀವ ಬಾಯಿಗೆ ಬಂತು. ಅಮ್ಮ ಇಲ್ಲ. ಇಷ್ಟು ವರ್ಷ ಬರೀ ಗಾಳಿಗೆ ಓದಿದೆನಾ?

ಆಗ ಕೊನೆಯಲ್ಲಿ ಒಬ್ಬ ಮುದುಕಿ ಕಾವಲಿನವನ ಜೊತೆ ಜಗಳಕ್ಕೆ ನಿಂತದ್ದು ಕೇಳಿಸಿತು. "ಚೀಲದಲ್ಲಿ ಬಾಂಬಿಲ್ಲ ಕಣಪ್ಪ, ಮಗುವಿನ ಬಟ್ಟೆ! ಬಿಡು, ಮೊಮ್ಮಗು ಕಾಯ್ತಿರುತ್ತೆ."

ದರದಕ್ಕ ಓಡಿದಳು. ಅತ್ತದ್ದೆಷ್ಟು, ನಕ್ಕದ್ದೆಷ್ಟು! ಅಮ್ಮ ಚೀಲ ಬಿಚ್ಚಿ ಫ್ರಾಕೊಂದನ್ನು ಮಗುವಿನ ಭುಜಕ್ಕೆ ಹಿಡಿದಳು. ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು.

"ಅಮ್ಮಾ, ಮಗು ಇದೆ ಅಂತ ನಿಂಗೆ ಯಾರು ಹೇಳಿದ್ರು?"

"ನೀನೇ. ದರ ನಾಲ್ಕೂಕಾಲು ಇದ್ದಾಗ ಒಂದು ಮಾತಿಗೆ ಎರಡೆರಡು ಸಲ ಉಸಿರು ಎಳ್ಕೊಳ್ಳೋಕೆ ಶುರು ಮಾಡಿದೆ. ಹೆತ್ತವಳಿಗೆ ಗೊತ್ತಾಗಲ್ವೇನೇ? ನಾಲ್ಕೂಮುಕ್ಕಾಲು ಆದಾಗ ನಿನ್ನ ದನೀನೇ ಇಲ್ಲ, ಯಾರೋ ಗಂಡಸು! ನನ್ನೆದೆ ಧಸಕ್ಕಂತು. ದಿನಾ ಅವನನ್ನ ಬಯ್ಕೊಂಡೇ ಕೇಳ್ದೆ. ಆಮೇಲೆ ಒಂದಿನ ದರ ಐದು. ನಿಮ್ಮ ಹಣ ನೆಲ ಕಚ್ಚಿದೆ, ಆ ಪುಣ್ಯಾತ್ಮ ನಗ್ತಾ ಓದ್ತಿದ್ದಾನೆ! ಹಣ ಬಿದ್ರೆ ಯಾರಾದ್ರೂ ನಗ್ತಾರಾ? ಹೆರಿಗೆ ಆಯ್ತು, ತಾಯಿ ಮಗು ಚೆನ್ನಾಗಿದ್ದಾರೆ ಅಂತ ಅಲ್ಲೇ ಕೂತು ಅತ್ತುಬಿಟ್ಟೆ. ಗಂಡೋ ಹೆಣ್ಣೋ ಅನ್ನೋದೊಂದು ತಿಳೀಲಿಲ್ಲ. ಅದಕ್ಕೇ ಒಂದು ಚಡ್ಡೀನೂ ಹೊಲಿದಿದ್ದೀನಿ, ನೋಡು."

ಹೆರಿಗೆಯ ದಿನ ಆಸ್ಪತ್ರೆಯಿಂದ ಗಂಡ ಮೊದಲು ಫೋನು ಮಾಡಿದ್ದು ಸಾಹೇಬರಿಗೇ. ಅವರು ನಕ್ಕ ಸಂಗತಿ ದರದಕ್ಕನಿಗೆ ಈಗ ತಿಳಿಯಿತು. ಆ ಗಂಡಸು ಯಾರು, ದರ ನಿಲ್ಲದಂತೆ ಅವರು ಏನೇನು ಮಾಡಿದರು ಎಂದು ಅಮ್ಮನಿಗೆ ಹೇಳಿದಳು.

ಅಮ್ಮ ಮನೆಗೂ ಬರಲಿಲ್ಲ, ನೇರ ರೇಡಿಯೊ ಕಚೇರಿಗೇ ನಡಿ ಅಂದಳು. ಸಾಹೇಬರು ಗಡಬಡಿಸಿ ಎದ್ದು ನಿಂತರು.

"ನಾನಾ? ನಕ್ಕೆನಾ? ಇಲ್ಲಮ್ಮ, ಗಂಟಲು ಕೆರೆದಿರ್ಬೇಕು."

"ಸುಳ್ಳು ಹೇಳ್ಬೇಡಿ ಸ್ವಾಮಿ," ಎಂದು ಅಮ್ಮ ಅವರ ಎರಡೂ ಕೈ ಹಿಡಿದುಕೊಂಡಳು. "ದಾರಿಯೆಲ್ಲ ಮುಚ್ಚಿದ್ರೂ ದಿನಾ ಸಂಜೆ ನನ್ನ ಮಗಳನ್ನ ನನ್ನ ಮನೆಗೆ ಕಳಿಸಿಕೊಟ್ರಿ. ನಿಮ್ಮ ಹೊಟ್ಟೆ ತಣ್ಣಗಿರಲಿ."

ಸಾಹೇಬರ ಕನ್ನಡಕ ಮಂಜಾಯಿತು. ಒರೆಸಲೂ ಅವರು ಕೈ ಬಿಡಿಸಿಕೊಳ್ಳಲಿಲ್ಲ.