ಬಾಯಿ ಮುಚ್ಚಿಸಿದ ಪೆಟ್ಟಿಗೆ

ಡೇಕೇರಿನ ಬಾಗಿಲ ಮೇಲಿದ್ದ ಕ್ಯಾಮೆರಾಕ್ಕೆ ಅತ್ತಿಗೆ ‘ಮೈದುನ’ ಎಂದು ಹೆಸರಿಟ್ಟಿದ್ದಳು. ಅದನ್ನು ಅಲ್ಲಿ ಕೂರಿಸಿದವನು ಅವಳ ಸ್ವಂತ ಮೈದುನನೇ ಆದ್ದರಿಂದ ಹೆಸರು ಸರಿಯಾಗಿಯೇ ಹೊಂದಿಕೊಂಡಿತ್ತು. ಅವಳು ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ. ಸಂಜೆ ಐದೂವರೆಗೆ ಮನೆಯವರು ಒಬ್ಬೊಬ್ಬರಾಗಿ ಬರುತ್ತಿದ್ದಂತೆ, ಒಂದೊಂದು ಮಗುವನ್ನೂ ಎತ್ತಿ ಹಿಡಿದು, ತೋಳು ಸರಿಸಿ, ಎರಡು ಕೈ, ಎರಡು ಮೊಣಕಾಲು, ಕೊನೆಗೆ ಮುಖವನ್ನು ಕ್ಯಾಮೆರಾಕ್ಕೆ ತೋರಿಸುತ್ತಿದ್ದಳು. “ನೋಡ್ಕೋಪ್ಪಾ ಮೈದುನ, ಬೆಳಿಗ್ಗೆ ಹೇಗೆ ಕೊಟ್ರೋ ಹಾಗೇ ಒಪ್ಪಿಸ್ತಿದೀನಿ” ಎಂದು ಹೇಳಿ ಆಮೇಲೆಯೇ ಕೆಳಗಿಳಿಸುವುದು. ಮಕ್ಕಳಿಗೆ ಅದೊಂದು ಆಟ, ಮನೆಯವರಿಗೆ ನಗು. “ನಿಮ್ಮ ಮೈದುನ ಏನಂದ ಆಯಾ?” ಎಂದು ಕೇಳದೆ ಹೋಗುವವರೇ ಕಡಿಮೆ.

ಈ ಅಭ್ಯಾಸವನ್ನು ಅವಳ ತಲೆಗೆ ತುಂಬಿದವನೂ ಅವನೇ. ಒಂದು ವರ್ಷದ ಹಿಂದೆ ಕೊನೆಯ ಸ್ಕ್ರೂ ತಿರುಗಿಸಿ ಏಣಿಯಿಂದ ಇಳಿಯುತ್ತ, “ಇದರ ಮುಂದೆ ಆದದ್ದು ಒಂದೂ ಕಳೆದುಹೋಗಲ್ಲ ಅತ್ತಿಗೆ. ನಾಳೆ ಯಾರಾದ್ರೂ ನಿಮ್ಮ ಮೇಲೆ ಬೆರಳು ತೋರಿಸಿದ್ರೆ ಇದೇ ಸಾಕ್ಷಿ ಹೇಳುತ್ತೆ” ಎಂದು ಎದೆಯುಬ್ಬಿಸಿ ಹೇಳಿದ್ದ. ಆಡಿದ್ದನ್ನು ಅವನು ಆ ಸಂಜೆಯೇ ಮರೆತ. ಅವಳು ಮರೆಯಲಿಲ್ಲ. ಹತ್ತು ವರ್ಷದವನಿದ್ದಾಗ ತಾಯಿ ಕಳೆದುಕೊಂಡ ಅವನಿಗೆ ತಲೆ ಬಾಚಿ, ಊಟ ಬಡಿಸಿ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಬೆಳೆಸಿದವಳು ಅವಳು. ಅವನು ಹೇಳಿದ ಮೇಲೆ ಮುಗಿಯಿತು, ಅದು ಸತ್ಯವೇ.

ಬುಧವಾರ ಬೆಳಿಗ್ಗೆ ಮೂರು ವರ್ಷದ ಹುಡುಗಿಯೊಬ್ಬಳ ತಾಯಿ ಮಗುವನ್ನು ಎಳೆದುಕೊಂಡೇ, ಡೇಕೇರ್ ನಡೆಸುವ ಮೇಡಮ್ ಕೂರುವ ಆಫೀಸು ಕೋಣೆಗೆ ಬಂದು ಅದರ ತೋಳು ಮೇಲೆತ್ತಿದಳು. ರಟ್ಟೆಯ ಮೇಲೆ ನಾಲ್ಕು ಬೆರಳಿನ ಗುರುತು, ನೀಲಿಗಟ್ಟಿತ್ತು. ರಾತ್ರಿ ಬಟ್ಟೆ ಬದಲಿಸುವಾಗ ಕಂಡದ್ದಂತೆ. ಮಗು ಯಾರ ಹೆಸರೂ ಹೇಳದೆ, ನೋವಿದ್ದ ಜಾಗ ಮುಟ್ಟಿಕೊಂಡು “ಉವ್ವಾ” ಎಂದಷ್ಟೇ ಅನ್ನುತ್ತಿತ್ತು. ಎಲ್ಲರ ಕಣ್ಣೂ ಆಯಾಳ ಮೇಲೆ ಬಿತ್ತು. ಅವಳು ಗಾಬರಿಯಾಗಲಿಲ್ಲ, ಅದೇ ಕರುಳು ಹಿಂಡುವ ಸಂಗತಿ. “ನಾನು ನಿನ್ನೆ ಒಪ್ಪಿಸುವಾಗ ಈ ತೋಳನ್ನ ಕ್ಯಾಮೆರಾಗೆ ತೋರಿಸಿದೀನಿ ಮೇಡಮ್. ಏನೂ ಇರ್ಲಿಲ್ಲ. ಮೈದುನನ್ನ ಕರೆಸಿ, ತೆಗೆದು ತೋರಿಸ್ತಾನೆ” ಎಂದು ಹೇಳಿ, ಅಳುತ್ತಿದ್ದ ಇನ್ನೊಂದು ಮಗುವಿನ ಮೂಗೊರೆಸಲು ಹೋದಳು.

ಅವನು ಬಂದ. ಗೋಡೆಯ ಟೀವಿಯಲ್ಲಿ ಎಂಟು ಚೌಕಗಳಲ್ಲಿ ಎಂಟು ಕ್ಯಾಮೆರಾಗಳ ಚಿತ್ರ ಚೆನ್ನಾಗಿಯೇ ಓಡುತ್ತಿತ್ತು. ಮೇಜಿನ ಕೆಳಗಿನ ರೆಕಾರ್ಡರ್ ಪೆಟ್ಟಿಗೆಯ ದೀಪವೂ ಉರಿಯುತ್ತಿತ್ತು. ಮೌಸ್ ಹಿಡಿದು ನಿನ್ನೆಯ ತಾರೀಖು ಒತ್ತಿದ. ಖಾಲಿ. ಮೊನ್ನೆಯದು ಒತ್ತಿದ. ಖಾಲಿ. ಚಿತ್ರ ಉಳಿದಿರುವ ದಿನಗಳಿಗೆ ಕ್ಯಾಲೆಂಡರಿನಲ್ಲಿ ಹಸಿರು ಬಣ್ಣ ಇರುತ್ತದೆ. ಈ ತಿಂಗಳಲ್ಲಿ ಹಸಿರಿಲ್ಲ, ಹೋದ ತಿಂಗಳಲ್ಲೂ ಇಲ್ಲ. ಹಿಂದೆ ಹಿಂದೆ ಹೋದಂತೆ ಎಂಟು ತಿಂಗಳಾಚೆ ಒಂದು ಮಂಗಳವಾರ ಹಸಿರು ಸಿಕ್ಕಿತು.

ಆ ಮಂಗಳವಾರ ಅವನಿಗೆ ಚೆನ್ನಾಗಿ ನೆನಪಿತ್ತು. ಇದರ ಬುಡ ಇನ್ನೂ ಹಿಂದಿದೆ, ಕೇಳಿ. ಡೇಕೇರಿನ ಆರಂಭಕ್ಕೆ ಒಂದು ದಿನ ಉಳಿದಿದ್ದಾಗ ಇಂಥ ಪೆಟ್ಟಿಗೆಗೆ ಹಾಕಬೇಕಾದ, ಹಗಲೂ ರಾತ್ರಿ ಬರೆದರೂ ದಣಿಯದ ಹಾರ್ಡ್ ಡಿಸ್ಕ್ ಅವನ ಅಂಗಡಿಯಲ್ಲಿ ಮುಗಿದಿತ್ತು. ಯಾವುದೋ ಹಳೆಯ ಕಂಪ್ಯೂಟರಿನಿಂದ ತೆಗೆದಿಟ್ಟ ಡಿಸ್ಕನ್ನು ಸಿಕ್ಕಿಸಿ, ‘ಸದ್ಯಕ್ಕೆ ಇದಿರಲಿ, ಒಂದು ವಾರದಲ್ಲಿ ಬದಲಾಯಿಸಿದರಾಯಿತು’ ಎಂದುಕೊಂಡ. ಆ ವಾರ ಬರಲೇ ಇಲ್ಲ. ನಾಲ್ಕು ತಿಂಗಳಿಗೆ ಡಿಸ್ಕ್ ಸುಸ್ತಾಯಿತು. ಹಳೆಯದನ್ನು ತೋರಿಸುತ್ತಿತ್ತು, ಹೊಸದನ್ನು ಬರೆದುಕೊಳ್ಳುತ್ತಿರಲಿಲ್ಲ. ಪಾಪದ ಪೆಟ್ಟಿಗೆ ಸುಮ್ಮನಿರಲಿಲ್ಲ, ಬೀಪ್ ಬೀಪ್ ಎಂದು ಕೂಗತೊಡಗಿತು. ಮಕ್ಕಳ ನಿದ್ದೆ ಕೆಡುತ್ತಿದೆ ಎಂದು ಆ ಮಂಗಳವಾರ ಮೇಡಮ್ ಫೋನು ಮಾಡಿದಾಗ ಅವನು ಇನ್ನೆಲ್ಲೋ ಏಣಿಯ ಮೇಲಿದ್ದ. “ಮೆನುಗೆ ಹೋಗಿ, ಬಝರ್ ಅಂತ ಇರುತ್ತೆ, ಟಿಕ್ ತೆಗೆದುಬಿಡಿ. ನಾಳೆ ಬಂದು ನೋಡ್ತೀನಿ” ಎಂದ. ಅವರು ಟಿಕ್ ತೆಗೆದರು. ಕೂಗು ನಿಂತಿತು. ಟೀವಿಯಲ್ಲಿ ಚಿತ್ರ ಬರುತ್ತಲೇ ಇತ್ತು, ಹಾಗಾಗಿ ಯಾರೂ ಮತ್ತೆ ಕರೆಯಲಿಲ್ಲ. ಇವನೂ ನಾಳೆ ಎಂದವನು ಅತ್ತ ತಲೆ ಹಾಕಲಿಲ್ಲ. ಇದಕ್ಕೆ ಸೋಮಾರಿತನ ಅಂತಲ್ಲದೆ ಬೇರೆ ಹೆಸರು ಹುಡುಕಬೇಕಾಗಿಲ್ಲ.

“ಏನಾಯ್ತು?” ಎಂದರು ಮೇಡಮ್, ಹಿಂದಿನಿಂದ.

ಅವನು ತಟ್ಟನೆ ಆ ಕ್ಯಾಲೆಂಡರನ್ನು ಮುಚ್ಚಿದ. “ಕರೆಂಟ್ ಏರುಪೇರಾಗಿದೆ ಮೇಡಮ್. ನಿನ್ನೇದೊಂದು ಉಳಿದಿಲ್ಲ.”

“ನಿನ್ನೇದು ಮಾತ್ರಾನಾ?”

“ಹೌದು.”

ಬಾಯಿಂದ ಬಿದ್ದ ಮೇಲೆ ಅದರ ಅರ್ಥ ಅವನಿಗೆ ಹೊಳೆಯಿತು. ಅವನಿಗಿಂತ ಮೊದಲು ಮಗುವಿನ ತಾಯಿಗೆ ಹೊಳೆದಿತ್ತು. “ಒಳ್ಳೇದಾಯ್ತಲ್ಲ. ಮುನ್ನೂರ ಅರವತ್ತೈದು ದಿನದಲ್ಲಿ ಅದೊಂದು ದಿನವೇ ಹೋಗಬೇಕು. ಆಯಾಗೆ ಮೈದುನ, ಮೈದುನನಿಗೆ ಅತ್ತಿಗೆ. ಅಳಿಸೋಕೆ ಎಷ್ಟು ಹೊತ್ತು ಬೇಕು?” ಎಂದಳು. ಮೇಡಮ್ ಮುಖ ಗಟ್ಟಿಯಾಯಿತು. ಶನಿವಾರ ಎಲ್ಲ ಮಕ್ಕಳ ಮನೆಯವರನ್ನೂ ಕರೆಸಿ ತೀರ್ಮಾನ ಮಾಡುವುದು, ಅಲ್ಲಿಯವರೆಗೆ ಆಯಾ ಮನೆಯಲ್ಲಿರಬೇಕು ಎಂದರು. ಅತ್ತಿಗೆ ಬಾಗಿಲಲ್ಲಿ ನಿಂತು ಮೈದುನನ ಮುಖವನ್ನೇ ನೋಡುತ್ತಿದ್ದಳು. ಅವನು ಚೀಲದೊಳಗೆ ಏನೋ ಹುಡುಕುವವನಂತೆ ತಲೆ ತಗ್ಗಿಸಿದ.

ಎರಡು ದಿನ ಮನೆಯಲ್ಲಿ ಅವನು ಮುಳ್ಳಿನ ಮೇಲೆ ಕೂತವನಂತೆ ಇದ್ದ. ಅಣ್ಣ ಬಸ್ ಓಡಿಸಿ ಬಂದು, “ಇಪ್ಪತ್ತು ವರ್ಷದಲ್ಲಿ ಒಂದು ಬೆಕ್ಕಿಗೂ ಹೊಡೆದವಳಲ್ಲ ಇವಳು” ಎಂದು ಗೋಡೆಗೆ ಹೇಳುವನು. ಅತ್ತಿಗೆ ಎಂದಿನಂತೆ ಅಡುಗೆ ಮಾಡಿ, ಎಂದಿನಂತೆ ಅವನ ತಟ್ಟೆಗೆ ಒಂದು ಸೌಟು ಹೆಚ್ಚೇ ಬಡಿಸುವಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯುವುದಕ್ಕೆ ಕಾರಣವಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲವಲ್ಲ.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಮೇಜು ಒರೆಸಿ, ಅವನ ಕೆಲಸದ ಚೀಲವನ್ನು ತಂದು ಮುಂದಿಟ್ಟಳು. “ಇದರಲ್ಲಿರೋದನ್ನೆಲ್ಲ ತೆಗೆದಿಡು. ಯಾವುದು ಏನು ಮಾಡುತ್ತೆ ಅಂತ ನಂಗೆ ಒಂದ್ಸಲ ಸರಿಯಾಗಿ ಹೇಳು. ನಾಳೆ ಅಷ್ಟು ಜನರ ಮುಂದೆ ನಿಂತಾಗ ಎಲ್ಲಿ ಹುಡುಕಿ ಅಂತಾದ್ರೂ ಹೇಳೋಕೆ ಬರಬೇಕು.”

ಅವನು ಒಂದೊಂದಾಗಿ ತೆಗೆದಿಟ್ಟ.

“ಇದು ಕ್ಯಾಮೆರಾ. ನೋಡೋದು ಇದು.”

“ಅದು ಗೊತ್ತು, ನಿನ್ನ ತಮ್ಮ.”

“ಇದು ವೈರು. ಕ್ಯಾಮೆರಾ ಕಂಡದ್ದನ್ನ ಪೆಟ್ಟಿಗೆಗೆ ತಲುಪಿಸುತ್ತೆ. ಇದು ಅಡಾಪ್ಟರ್, ಕ್ಯಾಮೆರಾಗೆ ಕರೆಂಟ್ ಕೊಡುತ್ತೆ. ಪೆಟ್ಟಿಗೆ ಅಂದ್ರೆ ರೆಕಾರ್ಡರ್. ಅದು ಎಲ್ಲಾ ಕ್ಯಾಮೆರಾದ್ದೂ ತಗೊಂಡು ಒಂದು ಕಡೆ ಟೀವಿಗೆ ಕಳಿಸುತ್ತೆ, ಇನ್ನೊಂದು ಕಡೆ ಒಳಗೆ ಬರೆದಿಡುತ್ತೆ.”

“ಒಳಗೆ ಅಂದ್ರೆ ಎಲ್ಲಿ?”

ಚೀಲದ ತಳದಲ್ಲಿ ಒಂದು ಹಾರ್ಡ್ ಡಿಸ್ಕ್ ಇತ್ತು. ಅದನ್ನು ಮೇಜಿನ ಮೇಲಿಡುವಾಗ ಟಕ್ಕೆಂದಿತು. “ಇದರಲ್ಲಿ. ಇದೇ ಅದರ ನೆನಪು.”

ಅವಳು ಅದನ್ನು ಎತ್ತಿ, ತಿರುಗಿಸಿ, ತೂಗಿ ನೋಡಿದಳು. “ಮತ್ತೆ ಟೀವಿಯಲ್ಲಿ ಕಾಣೋದು?”

“ಟೀವಿಗೆ ನೆನಪಿಲ್ಲ ಅತ್ತಿಗೆ. ಈಗ ಆಗ್ತಿರೋದು ಮಾತ್ರ ಕಾಣುತ್ತೆ. ಇದು ಕೆಟ್ರೂ ಟೀವಿಯಲ್ಲಿ ಚಿತ್ರ ಬರ್ತಾನೇ ಇರುತ್ತೆ.”

“ಹಾಗಾದ್ರೆ ಇದು ಕೆಟ್ಟಿದೆ ಅಂತ ಮನುಷ್ಯರಿಗೆ ಹೇಗೆ ಗೊತ್ತಾಗ್ಬೇಕು?”

ಅವನು ವೈರನ್ನು ಸುತ್ತಿಡತೊಡಗಿದ. “ಪೆಟ್ಟಿಗೇನೇ ಹೇಳುತ್ತೆ. ಬೀಪ್ ಬೀಪ್ ಅಂತ ಕೂಗುತ್ತೆ.”

“ಕೂಗ್ತಿತ್ತಲ್ಲ” ಎಂದಳು ಅತ್ತಿಗೆ, ತೀರಾ ಸಹಜವಾಗಿ. “ಆಗ ಮಲಗಿಸಿದ ಮಕ್ಕಳೆಲ್ಲ ಎದ್ದು ಕೂತಿದ್ವು. ಮೇಡಮ್ ನಿಂಗೇ ಫೋನ್ ಮಾಡಿದ್ರು. ನೀನೇ ಅದನ್ನ...” ಅಲ್ಲಿಗೆ ಅವಳ ಮಾತು ನಿಂತಿತು. ಡಿಸ್ಕನ್ನು ಮೆಲ್ಲಗೆ ಕೆಳಗಿಟ್ಟಳು. ಅವನು ತಲೆ ಎತ್ತಲಿಲ್ಲ, ಎತ್ತುವುದು ಅವನಿಂದ ಆಗಲಿಲ್ಲ. ಅವಳು ಕೇಳಿದಳು: “ಆವತ್ತಿಂದಾನಾ?”

“ಆವತ್ತಿಂದ. ಎಂಟು ತಿಂಗಳಾಯ್ತು. ಒಂದು ದಿನದ್ದೂ ಇಲ್ಲ. ಮಂಗಳವಾರದ್ದು ಮಾತ್ರ ಇಲ್ಲ ಅಂತ ನಾನು ಸುಳ್ಳು ಹೇಳಿದೆ ಅತ್ತಿಗೆ. ಹೆದರಿಕೆ ಆಯ್ತು.”

“ಅಂದ್ರೆ ದಿನಾ ಆ ಮಕ್ಕಳನ್ನ ಎತ್ತಿ ಎತ್ತಿ ನಾನು ಯಾರಿಗೆ ತೋರಿಸ್ತಿದ್ದೆ?”

ಅವಳು ಎದ್ದು ಪಾತ್ರೆಗಳನ್ನು ಸಿಂಕಿಗೆ ಹಾಕಿ, ಅವನಿಗೆ ಬೆನ್ನು ಮಾಡಿ ತೊಳೆಯತೊಡಗಿದಳು. “ನಾಳೆ ಹೇಳು ಅಂತ ನಾನು ಹೇಳಲ್ಲ. ಅಲ್ಲಿ ಬರೋರಲ್ಲಿ ಅರ್ಧ ಜನ ನಿನ್ನ ಗಿರಾಕಿಗಳು. ನಿಂಗೂ ಹೊಟ್ಟೆಪಾಡಿದೆ” ಎಂದಳು. ಅವಳು ಬೇಕೆಂದು ಚುಚ್ಚಿದ್ದಲ್ಲ, ನಿಜವಾಗಿ ಅವನಿಗಾಗಿಯೇ ಆಡಿದ್ದು. ಅದಕ್ಕೇ ಅವನಿಗೆ ಆ ಮೇಜಿನ ಕೆಳಗೆ ತೂರಿಕೊಳ್ಳುವಂತಾಯಿತು.

ಶನಿವಾರ ಹತ್ತು ಗಂಟೆಗೆ ಡೇಕೇರಿನ ಆಟದ ಕೋಣೆಯಲ್ಲಿ ದೊಡ್ಡವರೆಲ್ಲ ಪುಟ್ಟ ಪುಟ್ಟ ಕುರ್ಚಿಗಳ ಮೇಲೆ ಮೊಣಕಾಲು ಮಡಚಿಕೊಂಡು ಕೂತಿದ್ದರು. ಮೆಡಿಕಲ್ ಶಾಪಿನವರು, ಬೇಕರಿಯವರು, ಇಬ್ಬರ ಅಂಗಡಿಯಲ್ಲೂ ಇವನದೇ ಕ್ಯಾಮೆರಾ. ದೂರು ಕೊಟ್ಟ ತಾಯಿ ಮುಂದೆ ಕೂತಿದ್ದಳು. ದಿನಾ ಸಂಜೆ ಮಗುವನ್ನು ಕರೆದುಕೊಂಡು ಹೋಗುವ ಅವಳ ಮಾವ, ಎಲ್ಲರೂ ತಾತ ಎನ್ನುವವರು, ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಅತ್ತಿಗೆ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದಳು. ಮೇಡಮ್ ಬಾಯಿ ತೆರೆಯುವ ಮೊದಲೇ ಇವನು ಎದ್ದು ಟೀವಿಯಲ್ಲಿ ಆ ಕ್ಯಾಲೆಂಡರ್ ತೆರೆದ.

“ಹಸಿರಿರೋ ದಿನ ಚಿತ್ರ ಇದೆ, ಇಲ್ಲದ ದಿನ ಇಲ್ಲ” ಎಂದು ಹೇಳಿ ಒಂದೊಂದೇ ತಿಂಗಳು ಹಿಂದೆ ಸರಿಸುತ್ತ ಹೋದ. ಎಂಟು ಸಲ ಖಾಲಿ ತಿಂಗಳು ಬಂತು. ಕುರ್ಚಿಗಳು ಕಿರುಗುಟ್ಟಿದವು. ಹಳೆಯ ಡಿಸ್ಕ್ ಹಾಕಿದ್ದು, ಪೆಟ್ಟಿಗೆ ಕೂಗಿದ್ದು, ಫೋನಿನಲ್ಲೇ ಅದರ ಬಾಯಿ ಮುಚ್ಚಿಸಿದ್ದು, ನಾಳೆ ಎಂದು ಬಾರದೆ ಹೋದದ್ದು, ಬುಧವಾರ ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದ. ಸೊಗಸಾಗಿ ಹೇಳಲಿಲ್ಲ, ನಡುವೆ ಎರಡು ಸಲ ತೊದಲಿದ. “ಯಾರೂ ಏನೂ ಅಳಿಸಿಲ್ಲ. ಅಳಿಸೋಕೆ ಅಲ್ಲಿ ಏನೂ ಇರ್ಲಿಲ್ಲ. ತಪ್ಪು ಪೂರಾ ನಂದು. ಅವರನ್ನ ಇದರಲ್ಲಿ ಸೇರಿಸ್ಬೇಡಿ.”

ಬೇಕರಿಯವರು ಎದ್ದು ಅಲ್ಲೇ ಫೋನು ತೆಗೆದು ಅಂಗಡಿಯ ಹುಡುಗಿಗೆ, “ನಮ್ಮ ಕ್ಯಾಮೆರಾದಲ್ಲಿ ನಿನ್ನೇದು ಇದ್ಯಾ ನೋಡು” ಎಂದರು. ಮೆಡಿಕಲ್ ಶಾಪಿನವರು ಇವನ ಮುಖ ನೋಡಲೂ ಇಲ್ಲ. ಮಗುವಿನ ತಾಯಿ ಸೋತ ದನಿಯಲ್ಲಿ, “ಸರಿ, ಅಳಿಸಿಲ್ಲ ಅಂತಾನೇ ಇಟ್ಕೊಳ್ಳೋಣ. ಹಾಗಾದ್ರೆ ಇವರು ಮುಟ್ಟಿಲ್ಲ ಅನ್ನೋಕೂ ಸಾಕ್ಷಿ ಇಲ್ಲವಲ್ಲ. ಆವತ್ತು ಸಂಜೆ ಬಾಗಿಲಲ್ಲಿ ಯಾರು ನೋಡಿದಾರೆ?” ಎಂದಳು.

“ನಾನು ನೋಡಿದೀನಿ” ಎಂದರು ತಾತ.

ಎಲ್ಲರೂ ಹಿಂದೆ ತಿರುಗಿದರು. ಮೂರು ದಿನದಲ್ಲಿ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಎಲ್ಲರ ಬಾಯಲ್ಲೂ ಕ್ಯಾಮೆರಾ, ಕ್ಯಾಮೆರಾ. “ಆಯಮ್ಮ ಎತ್ತಿ ತೋಳು ತೋರಿಸಿದ್ಲು. ನಾನು ಎದುರಿಗೇ ನಿಂತಿದ್ದೆ. ತೋಳು ಚೆನ್ನಾಗೇ ಇತ್ತು” ಎಂದವರು ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ನಿಂತರು. “ದಾರೀಲಿ ಪರಿಚಯದವರು ಸಿಕ್ರು, ಮಾತಾಡ್ತಾ ನಿಂತೆ, ಮಗುವಿನ ಕೈ ಬಿಟ್ಟಿದ್ದೆ. ರಸ್ತೆಗೆ ಓಡಿತು. ಎದುರಿಗೆ ಸ್ಕೂಟರು. ರಟ್ಟೆ ಹಿಡಿದು ಎಳೆದುಕೊಂಡೆ. ಆ ಬೆರಳು ನಂದು ಕಣಮ್ಮ. ಹೇಳಿದ್ರೆ ಇನ್ನು ಮಗುನ ನನ್ನ ಜೊತೆ ಕಳಿಸಲ್ಲ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಈ ಹುಡುಗ ಇಷ್ಟು ಜನರ ಮುಂದೆ ಒಪ್ಪಿಕೊಂಡ ಮೇಲೆ ಇನ್ನೂ ಸುಮ್ಮನಿದ್ರೆ ನಾನು ಮನುಷ್ಯನಾ?”

ಸೊಸೆ ಏನೋ ಹೇಳಲು ಹೋಗಿ ಅತ್ತುಬಿಟ್ಟಳು. ಆಮೇಲೆ ಎದ್ದು ಆಯಾಳ ಎರಡೂ ಕೈ ಹಿಡಿದುಕೊಂಡು ಕ್ಷಮಿಸಿ ಎಂದಳು. ಅತ್ತಿಗೆ, “ಇರಲಿ ಬಿಡಮ್ಮ, ಹೆತ್ತ ಹೊಟ್ಟೆ” ಎಂದಳು. ಮೈದುನನ ಕಡೆ ಅವಳು ತಿರುಗಲಿಲ್ಲ.

ಸೋಮವಾರ ಬೆಳಗಾಗುತ್ತಲೇ ಅವನು ಸರಿಯಾದ ಹೊಸ ಡಿಸ್ಕ್ ಹಾಕಿ, ಬಝರಿನ ಟಿಕ್ ಮತ್ತೆ ಕೂರಿಸಿ ಬಂದ. ಇದೊಂದು ಸಲಕ್ಕೆ ಬಿಟ್ಟಿದ್ದೇನೆ ಎಂದು ಮೇಡಮ್ ಹೇಳಿದ್ದರು. ಮಂಗಳವಾರ ಮಧ್ಯಾಹ್ನ, ಮಕ್ಕಳು ಮಲಗಿದ್ದ ಹೊತ್ತಿನಲ್ಲಿ, ಯಾರೂ ಕರೆಯದೆ ಮತ್ತೆ ಹೋದ. ಟೀವಿಯಲ್ಲಿ ಆ ಕ್ಷಣ ಓಡುವ ಚಿತ್ರ ನೋಡಿ ಸಮಾಧಾನಪಡುವ ಕಾಲ ಅವನಿಗೆ ಮುಗಿದಿತ್ತು. ಕ್ಯಾಲೆಂಡರ್ ತೆರೆದ. ಸೋಮವಾರ ಹಸಿರಾಗಿತ್ತು. ಸಂಜೆ ಐದೂವರೆ ಒತ್ತಿದ.

ಬಾಗಿಲಿನ ಚಿತ್ರ ಬಂತು, ಬಹಳ ಸ್ಪಷ್ಟವಾಗಿ. ಅತ್ತಿಗೆ ಮೊದಲ ಮಗುವನ್ನು ಕೈಹಿಡಿದು ತಂದಳು. ಎತ್ತಲಿಲ್ಲ. ಅಲ್ಲೇ ನೆಲದ ಮೇಲೆ ಮೊಣಕಾಲೂರಿ ಕೂತು, ಅದರ ತೋಳು ಸರಿಸಿ ಎರಡು ಕೈಯನ್ನೂ ಎದುರಿಗಿದ್ದ ಅಪ್ಪನಿಗೆ ತೋರಿಸಿದಳು. ಆ ಅಪ್ಪ ಬಗ್ಗಿ ನೋಡಿ ತಲೆಯಾಡಿಸಿದ. ಎರಡನೆಯ ಮಗು, ಮೂರನೆಯದು. ತಾತ ಬಂದಾಗ ಅವರೂ ಕಷ್ಟಪಟ್ಟು ಬಗ್ಗಿ ಮೊಮ್ಮಗಳ ಮೊಣಕಾಲು ನೋಡಿದರು. ಹುಡುಗಿ ಅಭ್ಯಾಸಬಲದಿಂದ ಮೇಲೆ ಕ್ಯಾಮೆರಾದ ಕಡೆ ಕೈಬೀಸಿತು. ಅತ್ತಿಗೆ ಆ ಕೈಯನ್ನು ಮೆಲ್ಲಗೆ ಹಿಡಿದು ಇಳಿಸಿದಳು. ಹದಿನಾಲ್ಕು ಮಕ್ಕಳನ್ನು ಒಪ್ಪಿಸಿ ಅವಳು ಬಾಗಿಲು ಹಾಕಿಕೊಳ್ಳುವವರೆಗೂ ಅವನು ನೋಡಿದ. ಅವಳು ಒಂದು ಸಲವೂ ತಲೆಯೆತ್ತಿ ಕ್ಯಾಮೆರಾದ ಕಡೆ ನೋಡಲಿಲ್ಲ.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಅತ್ತಿಗೆ ಚಹಾದ ಲೋಟ ತಂದು ಮೇಜಿನ ಮೇಲಿಟ್ಟಳು.

“ಉಳೀತಿದ್ಯಾ ಈಗ?”

“ಉಳೀತಿದೆ ಅತ್ತಿಗೆ. ಎಲ್ಲಾ ಉಳೀತಿದೆ.”

“ಸರಿ” ಎಂದು ಅವಳು ಮಕ್ಕಳ ಕೋಣೆಗೆ ಹೋದಳು. ಅವನು ಆ ಅರ್ಧ ಗಂಟೆಯನ್ನು ಮತ್ತೆ ಮೊದಲಿಂದ ಹಾಕಿಕೊಂಡ.