ಸುಕ್ಕಾಗಬಾರದ ಅಂಗಿ

ಗಂಜಿ ಕುದಿಯುವ ವಾಸನೆ ಬಂದರೆ ಅವಳಿಗೆ ಈಗಲೂ ಹಸಿವಾಗುತ್ತದೆ. ಚಿಕ್ಕವಳಿದ್ದಾಗ ಅಮ್ಮ ಊರವರ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದಳು. ಒಲೆಯ ಮೇಲೆ ಗಂಜಿ ಕುದಿಯುವಾಗ ಅವಳು, ಅವಳ ತಮ್ಮ ಇಬ್ಬರೂ ಪಾತ್ರೆಯ ಸುತ್ತ ಸುಳಿದಾಡುತ್ತಿದ್ದರು. "ಬಟ್ಟೆಗೆ ಸ್ವಲ್ಪ, ಹೊಟ್ಟೆಗೆ ಸ್ವಲ್ಪ" ಎನ್ನುತ್ತ ಅಮ್ಮ ತಳದಲ್ಲಿ ಒಂದಿಷ್ಟು ಉಳಿಸಿ, ಉಪ್ಪು ಉದುರಿಸಿ ಕೊಡುತ್ತಿದ್ದಳು. ತಮ್ಮ ತನ್ನ ಪಾಲು ಮುಗಿಸಿ ಅಕ್ಕನ ಲೋಟವನ್ನೇ ನೋಡುತ್ತಿದ್ದ. ಅವಳು ಕೊಟ್ಟುಬಿಡುತ್ತಿದ್ದಳು.

ಈಗ ಅವಳ ತಲೆ ಅರ್ಧ ನರೆತಿದೆ. ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಕೆಲಸ. ಎಲ್ಲರ ಬಾಯಲ್ಲೂ ಅವಳು ಇಸ್ತ್ರಿ ಅಕ್ಕ.

ಆ ವಾರ ಹೋಟೆಲಿನ ತುಂಬ ಆಳುವ ಪಕ್ಷದ ಶಾಸಕರಿದ್ದರು. ಸರ್ಕಾರ ಅಲ್ಲಾಡುತ್ತಿತ್ತು. ಎದುರು ಪಕ್ಷದವರು ತಮ್ಮವರನ್ನು ಎಲ್ಲಿ ಕೊಂಡುಕೊಂಡಾರೋ ಎಂಬ ಭಯಕ್ಕೆ, ಸದನದಲ್ಲಿ ಮತ ಹಾಕುವ ದಿನದವರೆಗೆ ಎಲ್ಲರನ್ನೂ ಒಂದೇ ಕಡೆ ಕೂಡಿಹಾಕಿದ್ದರು. ಫೋನು ಕಿತ್ತುಕೊಂಡು, ಬದಲಿಗೆ ಕೇಳಿದ್ದೆಲ್ಲ ಕೊಟ್ಟಿದ್ದರು. ಬೆಳಿಗ್ಗೆ ಮೈ ತಿಕ್ಕುವವರು, ಮಧ್ಯಾಹ್ನ ಈಜುಕೊಳ, ಸಂಜೆ ಇಸ್ಪೀಟು. ಬೆರಳ ತುದಿ ಒರೆಸಿದ ಟವೆಲೂ ಒಗೆಯಲು ಬರುತ್ತಿತ್ತು. ದಪ್ಪ ಮೀಸೆಯ ಅಡುಗೆಯವನು, ಅರ್ಧ ತಿಂದು ವಾಪಸು ಬಂದ ತಟ್ಟೆಗಳನ್ನು ನೋಡಿ, "ಗೂಡಿನ ಕೋಳಿಗಳೂ ಇಷ್ಟು ಕಾಳು ಚೆಲ್ಲಲ್ಲ ಕಣಕ್ಕ" ಎಂದು ಗೊಣಗುತ್ತಿದ್ದ.

ಮೂರನೇ ಮಹಡಿಯಲ್ಲಿದ್ದವರು ಆರೋಗ್ಯ ಮಂತ್ರಿ. ದಿನಕ್ಕೆ ನಾಲ್ಕು ಅಂಗಿ ಬದಲಿಸುತ್ತಿದ್ದ ಅವರಿಗೆ ಕೆಲಸದವರು ಇಟ್ಟ ಹೆಸರು ಗರಿಗರಿ ಸಾಹೇಬರು. ಒಂದು ಸುಕ್ಕು ಕಂಡರೂ ಅಂಗಿ ವಾಪಸು. ಬಾಗಿಲ ಕಾವಲಿಗಿದ್ದ ಪಕ್ಷದವನು ಮೊದಲ ದಿನ ಅಂಗಿಗಳ ಮಡಿಕೆಯೊಳಗೆ ಕೈ ಹಾಕಿ ತಡಕಿ, ಅವರಿಂದ ಜನ್ಮ ಜಾಲಾಡಿಸಿಕೊಂಡಿದ್ದ. ಅಂದಿನಿಂದ ಊಟ, ಹಣ್ಣು, ದಿಂಬು ಎಲ್ಲವನ್ನೂ ತಡಕಿ ನೋಡುತ್ತಿದ್ದವನು ಇಸ್ತ್ರಿಯಾದ ಅಂಗಿಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಅಕ್ಕನ ಜೀವವೆಲ್ಲ ಇದ್ದದ್ದು ಬೇರೆ ಕಡೆ. ಅವಳ ತಮ್ಮ ಬಸ್ ಕಂಡಕ್ಟರು. ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ಅವನಿಗೆ ಡಯಾಲಿಸಿಸ್ ಮಾಡುತ್ತಿದ್ದ ಸಣ್ಣ ಆಸ್ಪತ್ರೆಯ ಯಂತ್ರ ಕೆಟ್ಟು ನಿಂತಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಯಂತ್ರಗಳಿದ್ದವು, ಹಾಸಿಗೆ ಇರಲಿಲ್ಲ. "ಮಂತ್ರಿಗಳ ಕಡೆಯಿಂದ ಒಂದು ಮಾತು ಬಂದ್ರೆ ನೋಡ್ಬಹುದು" ಎಂದಿದ್ದ ಅಲ್ಲಿನ ಗುಮಾಸ್ತ, ಹಾಗೆ ಹೇಳಲು ತನಗೇ ನಾಚಿಕೆಯಾದವನಂತೆ ತಲೆ ತಗ್ಗಿಸಿ. ಸಣ್ಣ ಆಸ್ಪತ್ರೆಯ ಡಾಕ್ಟರಮ್ಮ ಅವಳ ಹೆಗಲ ಮೇಲೆ ಕೈಯಿಟ್ಟು, "ನಾಳೆಯೊಳಗೆ ಏನಾದ್ರೂ ಮಾಡಿ" ಎಂದಿದ್ದರು.

ಆ ಸಣ್ಣ ಆಸ್ಪತ್ರೆಯಲ್ಲೇ ಮಲಗಿದ್ದ ತಮ್ಮನ ಮುಖ, ಕಾಲು ಎಲ್ಲ ಊದಿಕೊಂಡಿದ್ದವು. "ನೋಡಕ್ಕ, ಈಗ ಮೈಕೈ ತುಂಬ್ಕೊಂಡಿದೀನಿ. ಇವಾಗ ಹೋಗಿ ಕೇಳಿದ್ರೆ ಯಾರಾದ್ರೂ ಹೆಣ್ಣು ಕೊಟ್ಟಾರು."

"ಮುಚ್ಚೋ ಬಾಯಿ" ಎಂದು ಅವಳು ಕಿಟಕಿಯ ಕಡೆ ತಿರುಗಿದ್ದಳು.

ಅಂದು ಮಧ್ಯಾಹ್ನ ಅಂಗಿಗಳನ್ನು ಕೊಡಲು ಹೋದವಳು ಸಾಹೇಬರ ಮುಂದೆ ಕೈಮುಗಿದು ನಿಂತಳು. "ಸಾಹೇಬ್ರೆ, ನಾವು ನಿಮ್ಮ ಕ್ಷೇತ್ರದೋರೇ. ನಾನು, ನನ್ನ ತಮ್ಮ, ಇಬ್ರೂ ನಿಮಗೇ ಓಟು ಹಾಕಿದ್ದು."

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಲೊಚಗುಟ್ಟಿದರು. "ನಿಮ್ಮ ತಮ್ಮ ಅಂದ್ರೆ ನನಗೂ ತಮ್ಮನೇ ಅಲ್ವೇನಮ್ಮ? ಏನ್ಮಾಡ್ಲಿ, ಈ ಪಾಪಿಗಳು ಫೋನ್ ಕಿತ್ಕೊಂಡಿದಾರೆ. ಒಂದು ಫೋನ್ ಸಿಕ್ಕಿದ್ರೆ ಈ ಗಳಿಗೇಲೇ ಹಾಸಿಗೆ ಕೊಡಿಸ್ತಿದ್ದೆ."

ಕೆಲಸದವರು ಮೇಲಿನ ಮಹಡಿಗೆ ಫೋನು ಒಯ್ದರೆ ಅಲ್ಲಿಗೆ ಕೆಲಸ ಮುಗಿಯಿತು. ಅಡುಗೆಮನೆಯ ಮೂಲೆಯಲ್ಲಿ ಅವಳು ಮನಸ್ಸಿನಲ್ಲಿದ್ದುದನ್ನು ಹೇಳಿದಾಗ ಅಡುಗೆಯವನು ಸೌಟು ಕೆಳಗಿಟ್ಟ.

"ಬೇಡಕ್ಕ. ಅವರ ಮಾತು ನೀರಿನ ಮೇಲಿನ ಗೆರೆ."

"ಮುಳುಗೋಳಿಗೆ ಹುಲ್ಲುಕಡ್ಡೀನೂ ಆಸರೆ ಕಣೋ." ಕೆಳಗಿಟ್ಟ ಸೌಟನ್ನು ಅವನ ಕೈಗೆ ಎತ್ತಿಕೊಟ್ಟು, "ತಮ್ಮನಿಗೆ ಉಪ್ಪು ಮುಟ್ಟಿಸಬಾರದಂತೆ. ಸಪ್ಪೆ ಅಂತ ತುತ್ತು ನುಂಗಲ್ಲ. ಉಪ್ಪಿಲ್ಲದೆ ರುಚಿಯಾಗಿ ಏನು ಮಾಡ್ಬಹುದು, ನೀನಾದ್ರೂ ಹೇಳು" ಎಂದಳು.

"ಉಪ್ಪಿಗಿಂತ ರುಚಿ ಉಂಟೇನಕ್ಕ? ಉಪ್ಪಿಲ್ಲದ ಅಡುಗೆ ಅಂದ್ರೆ ನನ್ನ ಸೌಟಿಗೇ ಅವಮಾನ" ಎಂದು ಅವನು ಮೀಸೆ ಒರೆಸಿಕೊಂಡ. ಅವಳು ನಕ್ಕಳು. ಆ ದಿನ ನಕ್ಕದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ನಡುವಿನ ಅಂಗಿಯ ಮಡಿಕೆಯಲ್ಲಿ ತನ್ನ ಫೋನು ಸೇರಿಸಿದಳು. ಕಾವಲಿನವನು ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, "ಹೋಗಕ್ಕ, ಹೋಗು. ಮುಟ್ಟಿದ್ರೆ ನನ್ನ ತಲೆ ಹೋಗುತ್ತೆ" ಎಂದ. ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

"ದೇವರ ಹಾಗೆ ಬಂದೆ ತಾಯಿ!" ಸಾಹೇಬರು ಫೋನು ಹಿಡಿದು ಬಚ್ಚಲುಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದಾಯಿತು. ಅವಳು ಆಸ್ಪತ್ರೆಯ ನಂಬರು ಬರೆದ ಚೀಟಿಯನ್ನು ಕೈಯಲ್ಲಿ ಹಿಡಿದು ಬಾಗಿಲಿನವರೆಗೂ ಹಿಂದೆಯೇ ಹೋದಳು. ನಂಬರು ಕೇಳದೆಯೇ ಅವರು ಮಾತಾಡುತ್ತಿದ್ದರು.

"ಆರೋಗ್ಯ ಬೇಡ ಸ್ವಾಮಿ, ಅದರಲ್ಲೇನು ಮಣ್ಣಿದೆ? ಹಣಕಾಸು ಕೊಡ್ತೀರಾ ಹೇಳಿ, ಇವತ್ತೇ ನಿಮ್ಮ ಕಡೆ ಬರ್ತೀನಿ. ಮಗನಿಗೂ ಒಂದು ಕುರ್ಚಿ ನೋಡಿ. ಕಾರು ಹಿಂಬಾಗಿಲಿಗೆ ಬರಲಿ."

ಅವಳು ಚೀಟಿಯನ್ನು ಮುಂದಕ್ಕೆ ಚಾಚಿ ನಿಂತಳು. ಹೊರಬಂದ ಸಾಹೇಬರು ಫೋನನ್ನು ಜೇಬಿಗೆ ಇಳಿಸಿದರು.

"ಸಾಹೇಬ್ರೆ, ಆಸ್ಪತ್ರೆಗೆ..."

"ಮಾಡ್ತೀನಮ್ಮ, ಮಾಡ್ತೀನಿ. ಇದು ನನ್ನ ಹತ್ರಾನೇ ಇರಲಿ."

"ತಮ್ಮನಿಗೇನಾದ್ರೂ ಆದ್ರೆ ಡಾಕ್ಟರಮ್ಮ ಅದಕ್ಕೇ ಫೋನ್ ಮಾಡೋದು..."

"ಮಾಡ್ತೀನಿ ಅಂದ್ನಲ್ಲ."

ಕೂಗಿದರೆ ತನ್ನ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಇವರು ಸಿಟ್ಟಾದರೆ ಆ ಒಂದು ಮಾತೂ ಹೋಗುತ್ತದೆ. ಅವಳು ಕೆಳಗಿಳಿದಳು.

ಮಧ್ಯಾಹ್ನ ಕಾವಲಿನವನು ಊಟಕ್ಕೆ ಇಳಿದ ಹೊತ್ತಿಗೆ ಸಾಹೇಬರು ಕೆಲಸದವರ ಮೆಟ್ಟಿಲಿನಿಂದ ಇಸ್ತ್ರಿ ಕೋಣೆಗೇ ಇಳಿದು ಬಂದರು. ಅವಳು ಬೆಳಿಗ್ಗೆ ಗಂಜಿ ಹಾಕಿ ಮಡಚಿದ ಅಂಗಿಯೇ ಮೈಮೇಲಿತ್ತು. ಹಿಂಬಾಗಿಲಲ್ಲಿ ಕಾರು ನಿಂತಿತ್ತು. ಅವಳು ಓಡಿಹೋಗಿ ಅವರ ತೋಳು ಹಿಡಿದುಕೊಂಡಳು.

"ಒಂದು ಮಾತು ಸಾಹೇಬ್ರೆ. ನಿಮ್ಮ ಕಾಲಿಗೆ ಬೀಳ್ತೀನಿ, ಒಂದೇ ಮಾತು."

ಅವರು ಅವಳ ಮುಖ ನೋಡಲಿಲ್ಲ, ತೋಳು ನೋಡಿಕೊಂಡರು.

"ಬಿಡಮ್ಮ, ಸುಕ್ಕಾಗುತ್ತೆ. ಟೀವಿಯವರು ಕಾಯ್ತಿದಾರೆ."

ಕಾರು ಹೋಯಿತು. ಫೋನೂ ಹೋಯಿತು.

ಅವರ ಹಿಂದೆ ಇನ್ನಷ್ಟು ಮಂದಿ ಜಾರಿಕೊಂಡರು. ಮತದ ದಿನಕ್ಕೂ ಕಾಯದೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು; ಸಂಜೆಗೆ ಸರ್ಕಾರ ಬಿತ್ತು. ಅಡುಗೆಮನೆಯ ಟೀವಿಯಲ್ಲಿ ಸಾಹೇಬರು ಹೊಸ ಗೆಳೆಯರ ನಡುವೆ ನಗುತ್ತಿದ್ದರು. ಅಂಗಿ ಗರಿಗರಿಯಾಗಿತ್ತು. ಎಡತೋಳಿನ ಮೇಲೆ ಮಾತ್ರ ಅವಳ ಬೆರಳುಗಳು ಬಿದ್ದ ಕಡೆ ಮುದುಡಿತ್ತು.

ಅಡುಗೆಯವನ ಫೋನಿನಿಂದ ಅವಳು ದೊಡ್ಡ ಆಸ್ಪತ್ರೆಗೆ ಮಾಡಿದಳು. "ಯಾರೂ ಹೇಳಿಲ್ವಲ್ಲಮ್ಮ" ಎಂದ ಗುಮಾಸ್ತ. "ಈಗ ಆರೋಗ್ಯಕ್ಕೆ ಮಂತ್ರೀನೇ ಇಲ್ಲ. ಯಾರ ಮಾತಿನ ಮೇಲೆ ಸೇರಿಸ್ಕೊಳ್ಳಲಿ?" ಆಮೇಲೆ ದನಿ ತಗ್ಗಿಸಿ, "ಆದ್ರೂ ಅವರನ್ನ ಕರ್ಕೊಂಡು ಬಂದು ವರಾಂಡದಲ್ಲಿ ಕೂತಿರಿ. ರಾತ್ರೀಲಿ ಯಾರಾದ್ರೂ ಹಾಸಿಗೆ..." ಎಂದವನು ಮಾತು ಪೂರ್ತಿ ಮಾಡಲಿಲ್ಲ. ಹಾಸಿಗೆ ಹೇಗೆ ಖಾಲಿಯಾಗುತ್ತದೆಂದು ಅವಳಿಗೆ ಅರ್ಥವಾಯಿತು. ಯಾರದೋ ಮನೆಯವರ ಸಾವಿಗೆ ಕಾಯುವಂತಾಯಿತಲ್ಲ ಎನಿಸಿತು. ಆದರೂ, "ಬರ್ತೀನಪ್ಪ" ಎಂದಳು.

ಅಷ್ಟರಲ್ಲಿ ಮ್ಯಾನೇಜರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದ. "ಫೋನ್ ಕೊಟ್ಟೋರು ಯಾರು?" ಮೂರನೇ ಮಹಡಿಯ ಕಾವಲಿನವನ ಕೊರಳಪಟ್ಟಿ ಪಕ್ಷದವರ ಕೈಯಲ್ಲಿತ್ತು; ಅವನ ಮುಖ ಬಿಳಿಚಿಕೊಂಡಿತ್ತು.

"ಅವನನ್ನ ಬಿಡಿ" ಎಂದಳು ಅಕ್ಕ. "ನಾನೇ ಕೊಟ್ಟಿದ್ದು."

ಬಯ್ಗುಳವೆಲ್ಲ ಮುಗಿದ ಮೇಲೆ ತನ್ನ ಚೀಲ ತೆಗೆದುಕೊಂಡು ಹಿಂಬಾಗಿಲಿಗೆ ಬಂದಳು. ಮೊದಲು ತಮ್ಮನ ಬಳಿ ಹೋಗಬೇಕು, ಇನ್ನೂ ಉಸಿರಾಡುತ್ತಿದ್ದಾನಾ ನೋಡಬೇಕು, ಆಟೋದವನನ್ನು ಕಾಡಿಬೇಡಿ ಆ ವರಾಂಡ ಮುಟ್ಟಿಸಬೇಕು. ಮುಂದಿನದು ಅವಳ ಕಣ್ಣಿಗೆ ಕಾಣುತ್ತಿರಲಿಲ್ಲ. ಮೇಲಿನ ಮಹಡಿಗಳಿಂದ ಮುಟ್ಟದ ತಟ್ಟೆಗಳು ಸಾಲುಸಾಲಾಗಿ ಕೆಳಗಿಳಿಯುತ್ತಿದ್ದವು.

ಬಾಗಿಲ ಬಳಿ ಅಡುಗೆಯವನು ನಿಂತಿದ್ದ. ಬಟ್ಟೆ ಸುತ್ತಿದ ಎರಡು ಡಬ್ಬಿಗಳನ್ನು ಅವಳ ಕೈಗಿಟ್ಟ. ಬಟ್ಟೆಯ ಮೇಲೂ ಬಿಸಿ ತಾಗುತ್ತಿತ್ತು.

"ಮೇಲಿಂದು ನಿಂಗೆ" ಎಂದ, ಎತ್ತಲೋ ನೋಡುತ್ತ. "ಕೆಳಗಿಂದಕ್ಕೆ ಉಪ್ಪು ಹಾಕಿಲ್ಲ."